ವಿಸಲ್ ಆಗದೆ ಗೋಲ್ ಅನ್ನದವರು

ಹಾಕಿ ಚೆಂಡು ಗೋಲಿನ ಹಿಂಬದಿಯ ಹಲಗೆಗೆ ಧಡ್ಡೆಂದು ಬಡಿದು, ಮೈದಾನದ ಸುತ್ತ ನಿಂತವರೆಲ್ಲ ಹೆಗಲ ಟವೆಲ್ಲು ಬೀಸಿ ಕುಣಿಯತೊಡಗಿ, ಹೊಡೆದವನನ್ನು ಅವನ ತಂಡದವರು ಎತ್ತಿಕೊಂಡು ಗಿರಗಿರನೆ ತಿರುಗಿಸುತ್ತಿರುವ ಹೊತ್ತಿನಲ್ಲೂ ಧ್ವನಿವರ್ಧಕದ ಕೊಂಬಿನಲ್ಲಿ ಮಾತ್ರ ನಿಶ್ಶಬ್ದ. ಆ ನಿಶ್ಶಬ್ದದ ಒಡೆಯರು ನಮ್ಮ ಗುರುಪಾದಸ್ವಾಮಿ. ಅದುವರೆಗೆ ಉಸಿರು ಕಟ್ಟುವಷ್ಟು ಬಿರುಸಿನಿಂದ ಮಾತನಾಡುತ್ತಿದ್ದ ಮನುಷ್ಯ ಮೈಕನ್ನು ಬಾಯಿಂದ ಒಂದು ಗೇಣು ದೂರ ಸರಿಸಿ, ಎಡಗಣ್ಣು ಕಿರಿದುಮಾಡಿ, ಅಂಪೈರಿನ ಕೈಗಳನ್ನೇ ನೋಡುತ್ತ ಕುಳಿತುಬಿಡುವರು. ವಿಸಲ್ ಆಗಬೇಕು. ಅಂಪೈರಿನ ಎರಡೂ ತೋಳುಗಳು ಮೈದಾನದ ನಡುವಿಗೆ ನೆಟ್ಟಗೆ ಚಾಚಬೇಕು. ಆಮೇಲೆ ಮೈಕು ಹತ್ತಿರ ಬಂದು, ಮಗುವನ್ನು ತೊಟ್ಟಿಲಿಗೆ ಇಳಿಸುವವರ ಜೋಪಾನದಲ್ಲಿ ಅವರು ಒಂದೇ ಒಂದು ಸಲ ‘ಗೋಲ್’ ಎನ್ನುವರು. ಬೆನ್ನಿಗೇ ‘ಚೆಂಡು ಮತ್ತೆ ಕೊಳ್ಳೇಗಾಲಕ್ಕೆ’ ಎಂದು ಸೇರಿಸುವರು.

ಈ ಕೊಳ್ಳೇಗಾಲದ ಮರ್ಮ ಹೊರಗಿನವರಿಗೆ ತಿಳಿಯದು. ಹಾಕಿಯನ್ನು ನಮ್ಮ ಸೀಮೆಗೆ ತಂದವರು ಶಾಂತಮೂರ್ತಿ ಮೇಷ್ಟ್ರು; ಮೈಸೂರಿನಲ್ಲಿ ವ್ಯಾಯಾಮ ಶಿಕ್ಷಣ ಓದಿ, ಇಪ್ಪತ್ತು ಹಾಕಿ ಕೋಲುಗಳ ಗಂಟನ್ನು ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬಂದಿಳಿದವರು. ಆಟ ಬಂತು, ಆದರೆ ನೋಡುವವರಿಗೆ ತಲೆಬುಡ ತಿಳಿಯಲಿಲ್ಲ. ಆಗ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದ, ಒಂದೇ ಉಸಿರಿಗೆ ಮೂವತ್ತು ಮಾತು ಪೋಣಿಸಬಲ್ಲ ಯಳಂದೂರು ಕಡೆಯ ಈ ತರುಣನನ್ನು ಮೇಷ್ಟ್ರು ಹಿಡಿದು ತಂದು ಮೈಕಿನ ಮುಂದೆ ಕೂರಿಸಿದರು. ಗುರುಪಾದಸ್ವಾಮಿ ಮೈದಾನವನ್ನು ಜನರಿಗೆ ಗೊತ್ತಿದ್ದ ನಕ್ಷೆಯಾಗಿ ಮಾಡಿಟ್ಟರು. ನಡುಗೆರೆಯೇ ಕೊಳ್ಳೇಗಾಲದ ಬಸ್‌ಸ್ಟ್ಯಾಂಡು. ಬಲಕ್ಕೆ ಹೊರಟ ಚೆಂಡು ಹನೂರು ಹಾಯ್ದು, ಅಜ್ಜೀಪುರದ ತಿರುವಿನಲ್ಲಿ ಒಬ್ಬನನ್ನು ತಪ್ಪಿಸಿ, ಗೋಲಿನ ಮುಂದಿನ ಅರ್ಧಚಂದ್ರದ ಗೆರೆ ಮುಟ್ಟಿದರೆ ಅದು ಪಾಲಾರ್ ಗಡಿ. ಎಡಕ್ಕೆ ಹೋದರೆ ಯಳಂದೂರು. ಆ ತುದಿಯ ಅರ್ಧಚಂದ್ರ ಹೊನ್ನುಹೊಳೆ. ಗೆರೆಯ ಹೊರಗಿನಿಂದಲೇ ಹೊಡೆದ ಚೆಂಡು ಸೀದಾ ಒಳಗೆ ಬಿದ್ದರೆ ಗೋಲಲ್ಲ ಎಂಬ ನಿಯಮವನ್ನು ಮೇಷ್ಟ್ರು ಮೂರು ವರ್ಷ ಹಲಗೆಯ ಮೇಲೆ ಬರೆದು ತೋರಿಸಿದರೂ ತಿಳಿಯದ ಮುದುಕರಿಗೆ, ‘ಪಾಲಾರ್ ದಾಟಿ ಹೊಡೆದರಷ್ಟೇ ಗೋಲು ಸ್ವಾಮಿ’ ಎಂಬ ಒಂದು ಮಾತಿನಲ್ಲಿ ಅದು ತಿಳಿದುಹೋಯಿತು.

ಗುರುಪಾದಸ್ವಾಮಿಯವರನ್ನು ದೂರದಿಂದಲೇ ಗುರುತಿಸಬಹುದು. ಎರಡು ಹೆಜ್ಜೆ ಬಿರುಸು, ಮೂರನೆಯದು ಅನುಮಾನದ್ದು, ಚೆಂಡಿನ ಜೊತೆ ಓಡುತ್ತಿರುವಾಗ ಯಾರೋ ತಡೆದಂತೆ. ಕಂದುಬಣ್ಣದ ಒಂದು ಉಣ್ಣೆಯ ಕೋಟು. ಮೈಸೂರಿನ ರೇಡಿಯೋದವರು ಮೊದಲ ಬಾರಿಗೆ ವೀಕ್ಷಕ ವಿವರಣೆಗೆ ಕರೆಸಿಕೊಂಡಾಗ ಹೊಲಿಸಿದ್ದು. ರೇಡಿಯೋದಲ್ಲಿ ಕೋಟು ಯಾರಿಗೂ ಕಾಣುವುದಿಲ್ಲವೆಂದು ಹೆಂಡತಿ ಚನ್ನಮಲ್ಲಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಅಂದಿನಿಂದ ಏಪ್ರಿಲ್‌ನ ಸುಡುಬಿಸಿಲಿನಲ್ಲೂ ಕೋಟಿಲ್ಲದೆ ಮೈಕು ಹಿಡಿದವರಲ್ಲ. ಅದರ ಎಡಜೇಬಿನಲ್ಲಿ ಕಲ್ಲುಸಕ್ಕರೆ, ಬಲಜೇಬಿನಲ್ಲಿ ಲವಂಗ. ಎದುರಿಗೆ ಸಿಕ್ಕ ಗೆಳೆಯರ ಕೈಗೆ ಮೊದಲು ಕಲ್ಲುಸಕ್ಕರೆ ಇಟ್ಟು ಆಮೇಲೆ ಕ್ಷೇಮ ವಿಚಾರಿಸುವುದು ರೂಢಿ.

ಆದರೆ ಆ ತಡೆದ ‘ಗೋಲ್’ ಹುಟ್ಟುಗುಣವಲ್ಲ. ಅದನ್ನು ಅವರು ಒಬ್ಬರ ನೆತ್ತರಿನಿಂದ ಕಲಿತರು.

ಮೂವತ್ತೈದು ವರ್ಷದ ಹಿಂದಿನ ಮಾತು. ಫೈನಲ್ ಪಂದ್ಯ, ಊರಿನ ಹೆಸರು ಬೇಡ, ಇವತ್ತು ಆ ಊರಿನವರೇ ಅದನ್ನು ಹೇಳಿಕೊಂಡು ನಗುತ್ತಾರೆ. ಕೊನೆಯ ನಿಮಿಷದಲ್ಲಿ ಅವರ ಕಡೆಯ ದೊಡ್ಡಮಾದಪ್ಪ, ಗಾಣದ ತೊಲೆಯಂಥ ತೋಳಿನವನು, ಬೀಸಿ ಹೊಡೆದ ಏಟಿಗೆ ಹಲಗೆ ಗುಡುಗಿತು. ಆಗಿನ್ನೂ ಬಿಸಿರಕ್ತದ ಗುರುಪಾದಸ್ವಾಮಿ ಎದ್ದು ನಿಂತು, ಕೊಂಬು ಒಡೆಯುವಂತೆ ‘ಗೋಲ್’ ಎಂದು ಕೂಗಿಬಿಟ್ಟರು. ಅಂಪೈರಾಗಿದ್ದ ಶಾಂತಮೂರ್ತಿ ಮೇಷ್ಟ್ರು ಕೈಯಾಡಿಸಿ ಇಲ್ಲವೆಂದರು: ದೊಡ್ಡಮಾದಪ್ಪ ಹೊಡೆದದ್ದು ಗೆರೆಯಿಂದ ಎರಡು ಮಾರು ಹೊರಗೆ, ಒಳಗೆ ಯಾರ ಕೋಲೂ ತಾಗಿಲ್ಲ. ನಿಯಮ ಕಲಿಸಿದ ಧ್ವನಿಯೇ ಗೋಲೆಂದು ಸಾರಿದ ಮೇಲೆ ಅಂಪೈರಿನ ಕೈಯನ್ನು ನಂಬುವವರು ಯಾರು? ಪಟಾಕಿ ಹತ್ತಿಸಿ ಆಗಿತ್ತು. ಗೆದ್ದೆವೆಂದುಕೊಂಡವರು ತಾವೇ ಸೋತವರೆಂದು ತಿಳಿದ ಗಳಿಗೆಯಲ್ಲಿ ಜನ ಒಳಕ್ಕೆ ನುಗ್ಗಿದರು. ಎಲ್ಲಿಂದಲೋ ಬಂದ ಕಲ್ಲು ಮೇಷ್ಟ್ರ ಎಡಹುಬ್ಬಿನ ಮೇಲೆ ಬಿತ್ತು.

ಆಸ್ಪತ್ರೆಯವರೆಗೂ ಸೈಕಲ್ ತುಳಿದವರು ಗುರುಪಾದಸ್ವಾಮಿಯೇ. ಏಳು ಹೊಲಿಗೆ. ಹೊಲಿಗೆ ಹಾಕಿಸಿಕೊಳ್ಳುತ್ತಲೇ ಮೇಷ್ಟ್ರು ಒಂದು ಕಣ್ಣು ತೆರೆದು ಹೇಳಿದರಂತೆ:

“ಲೇ ಪಾದಸ್ವಾಮಿ, ನನ್ ವಿಸಲ್‌ಗಿಂತ ನಿನ್ ನಾಲ್ಗೆ ಮುಂದ್ಕೆ ಓಗ್ಬಾರ್ದು ಕಣ್ಲಾ.”

ಅಷ್ಟೇ. ಅದರ ಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ. ಹುಬ್ಬಿನ ಗೆರೆ ಮಾತ್ರ ಪ್ರತಿ ಪಂದ್ಯದಲ್ಲೂ ಗುರುಪಾದಸ್ವಾಮಿಯವರ ಎದುರಿಗೆ ಓಡಾಡಿಕೊಂಡಿತ್ತು.

ಮೈದಾನದಲ್ಲಿ ಹಿಡಿದ ನೇಮ ಕ್ರಮೇಣ ಮನೆಗೂ ನಡೆದು ಬಂತು. ಮಗಳು ನಾಗಶ್ರೀಯ ಪರೀಕ್ಷೆಯ ಫಲಿತಾಂಶ ಪತ್ರಿಕೆಯಲ್ಲಿ ಬಂದು, ಬೀದಿಯವರೆಲ್ಲ ಬಾಯಿ ಸಿಹಿ ಮಾಡಿಕೊಂಡ ಮೇಲೂ, ಶಾಲೆಯ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಅವಳ ನಂಬರನ್ನು ಬೆರಳಿಟ್ಟು ನೋಡುವವರೆಗೆ ಮುಖ ಸಡಿಲಿಸಲಿಲ್ಲ. ಅವರು ಸಂತೆಯಿಂದ ಬರುವಾಗ ಚನ್ನಮಲ್ಲಮ್ಮ ಫೋನು ಮಾಡಿ “ಬಸ್ ಬಂತಾ?” ಎಂದರೆ ಉತ್ತರ, “ಬೋರ್ಡು ಕಾಣ್ತಾ ಅದೆ. ಇನ್ನೂ ನಿಂತಿಲ್ಲ.” ಐದು ನಿಮಿಷ ಬಿಟ್ಟು, “ನಿಂತದೆ. ಇನ್ನೂ ಅತ್ತಿ ಕೂತಿಲ್ಲ.” ಆಕೆ ಕೊನೆಗೆ ಫೋನು ಇಟ್ಟು ಸೊಸೈಟಿಯ ಕಟ್ಟೆಯಲ್ಲಿ ಕುಳಿತ ಹೆಂಗಸರಿಗೆ ಹೇಳುವರು: “ನಮ್ಮೆಜಮಾನ್ರು ಮದ್ವೆ ಮಂಟ್ಪದಲ್ಲೂ ಇಂಗೇಯಾ. ತಾಳಿ ಮೂರ್ ಗಂಟೂ ಬೀಳೋಗಂಟ ನನ್ ಕಡೀಕ್ ತಿರುಗ್ನಿಲ್ಲ ಕಣವ್ವ.”

ಹೋದ ವರ್ಷ ಬೇಸಗೆಯ ಮೊದಲಿಗೆ, ಯಳಂದೂರಿನ ಪಂದ್ಯವೊಂದರ ನಡುವೆ ಧ್ವನಿ ಬಿರುಕುಬಿಟ್ಟಿತು. ಜನ ಮೈಕು ಕೆಟ್ಟಿತೆಂದುಕೊಂಡರು. ಅವರ ಎಲ್ಲ ಪಂದ್ಯಗಳಿಗೂ ಮೈಕ್‌ಸೆಟ್ಟು ಕಟ್ಟುತ್ತಿದ್ದ ನಂಜಯ್ಯನೂ ಹಾಗೇ ಅಂದುಕೊಂಡು ವೈರು ಬದಲಾಯಿಸಿದ, ಕೊಂಬಿನೊಳಗೆ ಊದಿದ, ಪೆಟ್ಟಿಗೆಗೆ ಎರಡು ಏಟು ಹಾಕಿದ. ಧ್ವನಿ ಮಾತ್ರ ಒಡೆದ ಮಡಕೆಯ ಹಾಗೇ ಇತ್ತು. ಕೊನೆಗೆ ಅವನು ಹತ್ತಿರ ಬಂದು ತಲೆ ತುರಿಸಿಕೊಂಡ.

“ಸಾ, ಮೈಕು ಸರ್ಯಾಗೇ ಅದೆ ಸಾ.”

“ಮತ್ತೆ?”

“ನಿಮ್ಮೊಳ್ಗೇ ಏನೋ ಕೆಟ್ಟದೆ. ತೋರ್ಸ್ಕಳಿ.”

ತಿಂಗಳು ಕಳೆದರೂ ಬಿರುಕು ಕೂಡಲಿಲ್ಲ. ಲವಂಗ ಮುಗಿಯಿತು, ಕಷಾಯ ಮುಗಿಯಿತು. ಕೊಳ್ಳೇಗಾಲದ ವೈದ್ಯರು ಗಂಟಲಿನೊಳಗೆ ಪುಟ್ಟ ಕನ್ನಡಿ ಇಳಿಸಿ ನೋಡಿದವರು ಮೈಸೂರಿಗೆ ಚೀಟಿ ಬರೆದರು. ಅಲ್ಲಿ ಸ್ವರದ ತಂತಿಯ ಮೇಲೆ ಜೋಳದ ಕಾಳಿನಷ್ಟು ಗಂಟು ಕಂಡಿತು. ಅರಿವಳಿಕೆ ಕೊಟ್ಟು ಅದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಒಳ್ಳೆಯ ಗಂಟಾದರೆ ಧ್ವನಿ ಮರಳುತ್ತದೆ. ಕೆಟ್ಟದ್ದಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ರಿಪೋರ್ಟಿಗೆ ಹತ್ತು ದಿನ. ಅಲ್ಲಿಯವರೆಗೆ ಒಂದಕ್ಷರವನ್ನೂ ಆಡಕೂಡದು, ಪಿಸುಮಾತು ಕೂಡ.

ಹೀಗೆ, ಮೂರು ತಾಲ್ಲೂಕಿಗೆ ಕೇಳಿಸುವಂತೆ ಬದುಕಿದ್ದ ಮನುಷ್ಯ ಒಂದು ಸ್ಲೇಟು ಹಿಡಿದು ಜಗಲಿಯಲ್ಲಿ ಕುಳಿತರು.

ಸಂಜೆ ಸಂಜೆ ಮೇಷ್ಟ್ರು ಬರುವರು. ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಅಂಗಿಯ ಜೇಬಿನಲ್ಲಿ ವಿಸಲ್ ಇಟ್ಟುಕೊಳ್ಳುವುದನ್ನು ಅವರು ಬಿಟ್ಟಿರಲಿಲ್ಲ. ಇಬ್ಬರೂ ಎದುರುಬದುರು ಕೂರುವರು. ಮಾತಿಲ್ಲದ ಆ ಜಗಲಿಗೆ ಚನ್ನಮಲ್ಲಮ್ಮನವರದೇ ಮಾತಿನ ಪೂರೈಕೆ.

“ಮೂವತ್ ವರ್ಸಕ್ಕೆ ಈಗ ನನ್ ಮಾತು ನಂಗೇ ಕೇಳಿಸ್ತಾ ಅದೆ ಮೇಷ್ಟ್ರೇ. ಪರ್ವಾಗಿಲ್ಲ, ನಾನೂ ಚೆಂದಾಗೇ ಮಾತಾಡ್ತೀನಿ.”

ಮೇಷ್ಟ್ರು ನಗುವರು. ಗುರುಪಾದಸ್ವಾಮಿ ಸ್ಲೇಟಿನ ಮೇಲೆ ‘ಉಪ್ಪಿಟ್ಟಿಗೆ ಉಪ್ಪಿಲ್ಲ’ ಎಂದು ಬರೆದು ತೋರಿಸುವರು. ಆಕೆ ಒಳಗೆ ಹೋಗಿ ಉಪ್ಪು ತರುವ ನೆಪದಲ್ಲಿ ಒಲೆಯ ಮುಂದೆ ಒಂದಷ್ಟು ಹೊತ್ತು ನಿಂತು ಬರುವರು. ಬಂದಾಗ ಕಣ್ಣು ಕೆಂಪಾಗಿರುತ್ತಿತ್ತು.

ಎಂಟನೆಯ ದಿನ ಆಸ್ಪತ್ರೆಯ ಕಿರಿಯ ಡಾಕ್ಟರಮ್ಮ ಫೋನು ಮಾಡಿದರು. ಹೆದರುವ ಹಾಗೆ ಕಾಣುತ್ತಿಲ್ಲ, ಆದರೂ ಪೂರ್ತಿ ರಿಪೋರ್ಟು ಬರಲಿ ಎಂದರು. ಚನ್ನಮಲ್ಲಮ್ಮ ಫೋನನ್ನು ಎದೆಗೆ ಒತ್ತಿಕೊಂಡು, “ಏನೂ ಇಲ್ವಂತೆ ಕಣ್ರೀ, ಏನೂ ಇಲ್ವಂತೆ” ಎನ್ನುತ್ತ ಹಬ್ಬದ ಅಡುಗೆಗೆ ಬೆಲ್ಲ ಕುಟ್ಟಲು ಹೊರಟರು. ಗುರುಪಾದಸ್ವಾಮಿ ಅಂಗೈ ಎತ್ತಿ ತಡೆದು ಸ್ಲೇಟು ತಿರುಗಿಸಿದರು: ‘ಪಾಲಾರ್ ಇನ್ನೂ ದಾಟಿಲ್ಲ.’

ಆಕೆಗೆ ಸಿಟ್ಟು ಬಂತು. “ಒಂದ್ ದಿನಕ್ಕಾದ್ರೂ ಸಂತೋಸ ಪಡಾಕ್ ಬುಡ್ರೀ. ಎಲ್ಲಾದ್ಕೂ ನಿಮ್ ವಿಸಲ್ ಆಗ್ಬೇಕಾ?” ಎಂದು ಬೆಲ್ಲದಚ್ಚನ್ನು ಡಬ್ಬಕ್ಕೆ ಬಿಸಾಕಿದರು. ಸ್ಲೇಟಿನ ಆಚೆ ಬದಿಯಲ್ಲಿ ಅವರು ಇನ್ನೇನನ್ನೋ ಬರೆಯಲು ಹೋಗಿ, ಎರಡಕ್ಷರಕ್ಕೇ ಅಂಗೈಯಿಂದ ಒರಸಿಬಿಟ್ಟರು. ಹೆದರಿಕೆ ಅವರಿಗೆ ಇಲ್ಲವೆಂದಲ್ಲ. ಒಮ್ಮೆ ಕೂಗಿ ಹಿಂತೆಗೆದುಕೊಂಡ ಸಂತೋಷ ಎಷ್ಟು ಭಾರದ ಕಲ್ಲಾಗಿ ಬೀಳುತ್ತದೆಂದು ಆ ಮನೆಯಲ್ಲಿ ಅವರೊಬ್ಬರೇ ಬಲ್ಲರು.

ಹನ್ನೊಂದನೆಯ ದಿನ ಮೂವರೂ ಬೆಳಗಿನ ಬಸ್ಸು ಹಿಡಿದರು. ಕೋಟು ಹಾಕಿಕೊಂಡೇ ಹೊರಟರು ಗುರುಪಾದಸ್ವಾಮಿ. ಡಾಕ್ಟರ ಕೋಣೆಯ ಮುಂದೆ ಅವರ ಹೆಸರು ಕೂಗಿದಾಗ ಮಾತ್ರ ಬೆಂಚಿನಿಂದ ಏಳಲಾಗಲಿಲ್ಲ. ಸ್ಲೇಟಿನಲ್ಲಿ ಬರೆದರು: ‘ನೀವು ಹೋಗಿ ಮೇಷ್ಟ್ರೇ. ನಾನು ಇಲ್ಲಿಂದ ನೋಡುತ್ತೇನೆ.’ ಗೆರೆಯ ಹತ್ತಿರ ಅವರು, ದೂರದ ಮೇಜಿನ ಹಿಂದೆ ಇವರು: ಬದುಕಿಡೀ ಇಬ್ಬರೂ ನಿಂತ ಜಾಗಗಳೇ ಅವು. ಮೇಷ್ಟ್ರು ಚನ್ನಮಲ್ಲಮ್ಮನವರನ್ನು ಕರೆದುಕೊಂಡು ಒಳಹೋದರು. ಬಾಗಿಲು ಮುಚ್ಚಿಕೊಂಡಿತು.

ಎಷ್ಟು ಹೊತ್ತೋ. ಬಾಗಿಲು ತೆರೆದಾಗ ಮೊದಲು ಬಂದವರು ಚನ್ನಮಲ್ಲಮ್ಮ, ಸೆರಗನ್ನು ಬಾಯಿಗೆ ತುರುಕಿಕೊಂಡು ಬಿಕ್ಕುತ್ತ. ಆ ಅಳು ಯಾವುದರದೆಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ. ಗುರುಪಾದಸ್ವಾಮಿ ಆಕೆಯ ಮುಖವನ್ನು ಒಂದು ಕ್ಷಣ ನೋಡಿ, ಜನಸಾಗರದ ಗದ್ದಲದ ನಡುವೆ ನೋಡುತ್ತಿದ್ದ ಹಾಗೆಯೇ, ಎಡಗಣ್ಣು ಕಿರಿದುಮಾಡಿ, ಆಕೆಯ ಹಿಂದಿನ ಬಾಗಿಲಿಗೆ ದೃಷ್ಟಿ ನೆಟ್ಟರು.

ಮೇಷ್ಟ್ರು ಹೊರಬಂದರು. ಕೈಯಲ್ಲಿದ್ದ ರಿಪೋರ್ಟನ್ನು ಚನ್ನಮಲ್ಲಮ್ಮನವರಿಗೆ ಕೊಟ್ಟರು. ಜೇಬಿನ ವಿಸಲ್ ಮುಟ್ಟಿ, ಇದು ಆಸ್ಪತ್ರೆಯೆಂದು ನೆನಪಾಗಿ, ಅದನ್ನು ಅಲ್ಲೇ ಬಿಟ್ಟರು. ಆಮೇಲೆ ಮೊಗಸಾಲೆಯ ನಟ್ಟನಡುವೆ ಕಾಲೂರಿ ನಿಂತು, ಅರವತ್ತೆಂಟರ ತಮ್ಮ ಎರಡೂ ತೋಳುಗಳನ್ನು ಅಲುಗದ ಹಾಗೆ ನೆಟ್ಟಗೆ ಮುಂದಕ್ಕೆ ಚಾಚಿದರು. ಟ್ರಾಲಿ ತಳ್ಳಿಕೊಂಡು ಬಂದ ಆಯಾ ಗದರಿದಳು, “ಕೈ ಇಳ್ಸಿ ಸಾ, ದಾರಿ ಬುಡಿ.” ಮೇಷ್ಟ್ರು ಇಳಿಸಲಿಲ್ಲ. ಎದುರಿನ ಬೆಂಚಿನವರು ನೋಡಿದ್ದು ಖಚಿತವಾಗುವವರೆಗೆ ಅಂಪೈರು ತೋಳು ಇಳಿಸುವುದಿಲ್ಲ.

ಗುರುಪಾದಸ್ವಾಮಿಯವರ ತುಟಿಗಳು ಬಿರಿದವು. ಅಷ್ಟರಲ್ಲಿ ಚನ್ನಮಲ್ಲಮ್ಮ ಓಡಿಬಂದು ಅಂಗೈಯಿಂದ ಆ ಬಾಯಿ ಮುಚ್ಚಿದರು. “ಬ್ಯಾಡಿ, ಬ್ಯಾಡಿ. ಇನ್ನೂ ಎರಡ್ ವಾರ ಮಾತಾಡಂಗಿಲ್ವಂತೆ. ನೀವ್ ಅನ್ಬ್ಯಾಡಿ, ನಂಗ್ ಕೇಳಿಸ್ತು.” ಆಕೆಯ ಬೆರಳುಗಳ ಹಿಂದೆ ಅವರು ನಗುತ್ತಿದ್ದರೋ ಅಳುತ್ತಿದ್ದರೋ, ಕೋಟಿನ ಹೆಗಲೆರಡೂ ಕುಲುಕುತ್ತಿದ್ದವು. ಸ್ವಲ್ಪ ತಡೆದು ಸ್ಲೇಟು ತೆಗೆದುಕೊಂಡು, ಈ ಸಲ ದಪ್ಪ ಅಕ್ಷರಗಳಲ್ಲಿ ಬರೆದರು: ‘ಚೆಂಡು ಮತ್ತೆ ಕೊಳ್ಳೇಗಾಲಕ್ಕೆ.’ ಮಧ್ಯಾಹ್ನದ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕುಳಿತು ನಿದ್ದೆ ಹೋದರಂತೆ. ಕಂಡಕ್ಟರು ಎಬ್ಬಿಸಿದಾಗ ಬಸ್‌ಸ್ಟ್ಯಾಂಡು ಬಂದು ಆಗಿತ್ತು.

ಈಗ ಧ್ವನಿ ಮೊದಲಿಗಿಂತ ಒಂದು ಸುತ್ತು ತಗ್ಗಿದೆ, ಒಗರು ಕಳೆದು ಮಾಗಿದಂತಿದೆ. ಅರ್ಧ ಪಂದ್ಯ ಇವರದು, ಉಳಿದರ್ಧ ಇವರೇ ತಯಾರು ಮಾಡಿದ ಶ್ರುತಿ ಎಂಬ ಟೀಚರದು. ಮೊನ್ನೆ ಹನೂರಿನ ಹೆಣ್ಣುಮಕ್ಕಳ ಪಂದ್ಯದಲ್ಲಿ ಚೈತ್ರ ಎಂಬಾಕೆ ಹೊಡೆದ ಚೆಂಡಿಗೆ ಹಲಗೆ ಗುಡುಗಿದಾಗ ಶ್ರುತಿ ಮೈಕಿನತ್ತ ಬಾಗಿದಳು. ಗುರುಪಾದಸ್ವಾಮಿ ಅವಳ ಅಂಗೈಗೊಂದು ಕಲ್ಲುಸಕ್ಕರೆ ಇಟ್ಟು, ಬಾಯಿಗೆ ಹಾಕಿಕೊಳ್ಳುವಂತೆ ಸನ್ನೆ ಮಾಡಿದರು. ಅದು ಬಾಯಲ್ಲಿ ಕರಗುವಷ್ಟರಲ್ಲಿ ವಿಸಲ್ ಆಯಿತು.

ಒಳ್ಳೆಯ ಸುದ್ದಿಯನ್ನು ತಡೆದು ಹೇಳುವ ಇಂಥವರನ್ನು ನಾವು ಬಹಳ ಕಾಲ ಜಿಪುಣರೆಂದೋ, ಒಣಮನಸ್ಸಿನವರೆಂದೋ ತಿಳಿಯುತ್ತೇವೆ. ಎಲ್ಲರೂ ಕುಣಿಯುವಾಗ ಸುಮ್ಮನಿರುವವನ ಮೇಲೆ ಸಿಟ್ಟು ಸಹಜ. ಆದರೆ ಅವರ ಬಳಿ ಸಂತೋಷ ಕಡಿಮೆಯೇನಿಲ್ಲ. ಅದು ಯಾರ ಹಣೆಗೂ ತಾಗದಂತೆ ನೆಲಕ್ಕಿಳಿಯಲಿ ಎಂಬ ಕಾಳಜಿ ಮಾತ್ರ ಹೆಚ್ಚು. ಮಿಕ್ಕವರು ಹಲಗೆಯ ಸದ್ದು ಕೇಳಿ ಕುಣಿಯಬಲ್ಲರು. ಆ ಸದ್ದಿಗೂ ವಿಸಲ್ಲಿಗೂ ನಡುವಿನ ಒಂದು ಗಳಿಗೆಯನ್ನು ಎಲ್ಲರ ಪರವಾಗಿ ಒಬ್ಬರೇ ಹೊತ್ತು ಕೂರುವವರು ಊರಿಗೊಬ್ಬರು ಸಿಕ್ಕರೆ ಹೆಚ್ಚು. ಅವರು ಬಾಯಿಬಿಟ್ಟು ‘ಆಯಿತು’ ಎಂದಮೇಲೆ ನಾವು ನೆಮ್ಮದಿಯಿಂದ ಮನೆಗೆ ಹೋಗಬಹುದು.