ಕನಕಪ್ಪ ಮಾಡಿದ ಪಂಜರ

ಅಕ್ಕಿಆಲೂರಿನಲ್ಲಿ ಹಾನಗಲ್ ರಸ್ತೆಗೆ ಮುಖ ಮಾಡಿಕೊಂಡು ಕನಕಪ್ಪನ ವೆಲ್ಡಿಂಗ್ ಅಂಗಡಿ ಇತ್ತು. ಅಂಗಡಿಯ ಹಿಂದೆಯೇ ಮನೆ. ಕಿಟಕಿಯ ಗ್ರಿಲ್ಲು, ಗೇಟು, ಟ್ರೇಲರ್ ರಿಪೇರಿ ಅಂತ ಹದಿನೆಂಟು ವರ್ಷದಿಂದ ಅದೇ ಕೆಲಸ. ಅವನ ಕೈಗೆ ಊರಿನಲ್ಲಿ ಹೆಸರಿತ್ತು. ಆ ಹೆಸರಿನ ಮೇಲೆ ಅವನಿಗೆ ತುಸು ಹೆಚ್ಚೇ ಪ್ರೀತಿ. ತಾನು ಮಾಡಿದ ಗೇಟಿನ ಮುಂದೆ ಹಾಯುವಾಗಲೆಲ್ಲ ಬೈಕು ನಿಧಾನ ಮಾಡುತ್ತಿದ್ದ.

ಕಳೆದ ವರ್ಷ ದೀಪಾವಳಿ ಮುಗಿದ ಮೇಲೆ ಅವನ ತಾಯಿ ಶೇಖವ್ವ ಹಂಸಭಾವಿಯಲ್ಲಿರುವ ಮಗಳ ಮನೆಗೆ ಹೋಗಿ ಬರುವಾಗ ಎರಡು ಮೊಲದ ಮರಿ ತಂದಳು. ಬುಟ್ಟಿಯಲ್ಲಿಟ್ಟು, ಮೇಲೆ ಹಳೆಯ ಸೀರೆಯ ತುಂಡು ಹೊದಿಸಿ, ಎರಡು ಬಸ್ಸು ಬದಲಿಸಿ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳು. ಒಂದು ಬಿಳಿಯದು, ಒಂದು ಬೂದು ಬಣ್ಣದ್ದು. ಬೂದು ಬಣ್ಣದ್ದಕ್ಕೆ ಬೂದಿ ಅಂತಲೇ ಹೆಸರಿಟ್ಟಳು. ಬಿಳಿಯದಕ್ಕೆ ಹೆಸರೇ ಇಡಲಿಲ್ಲ. ಕರೆದರೆ ಅದು ಬರುತ್ತಿರಲಿಲ್ಲ, ಅದಕ್ಕೆ.

ಮೊದಲ ತಿಂಗಳು ಅವು ಅಡುಗೆಮನೆಯ ಮೂಲೆಯಲ್ಲಿ ಮಾವಿನಹಣ್ಣಿನ ಕಟ್ಟಿಗೆಯ ಡಬ್ಬಿಯೊಳಗೆ ಇದ್ದವು. ಶೇಖವ್ವ ದಿನಾ ಬೆಳಿಗ್ಗೆ ಭತ್ತದ ಹುಲ್ಲು ಬದಲಿಸುತ್ತಿದ್ದಳು, ಹಿತ್ತಲಿನ ಗರಿಕೆ ಕಿತ್ತು ತೊಳೆದು, ನೀರು ಝಾಡಿಸಿ ಹಾಕುತ್ತಿದ್ದಳು. ಎಷ್ಟು ಬದಲಿಸಿದರೂ ಮೂತ್ರದ ವಾಸನೆ ಹೋಗಲಿಲ್ಲ.

"ಒಲಿ ಮುಂದ ಕುಂತ್ರ ಮೂಗು ಮುಚ್ಕೊಬೇಕಾಗೈತಿ," ಎಂದಳು ಕನಕಪ್ಪನ ಹೆಂಡತಿ ಜಯಾ. "ಊರ ಮಂದಿಗೆಲ್ಲ ಮಾಡ್ತೀರಿ, ಮನಿಗೊಂದು ಪಂಜರಾ ಮಾಡ್ರಲಾ."

ಕನಕಪ್ಪ ಎರಡು ದಿನ ಬೇರೆ ಕೆಲಸ ಬಿಟ್ಟು ಪಂಜರ ಮಾಡಿದ. ಸೊಂಟದೆತ್ತರದ ನಾಲ್ಕು ಕಾಲು, ಮೇಲೆ ಇಳಿಜಾರು ತಗಡು, ಸುತ್ತಲೂ ತಂತಿಯ ಜಾಳಿ. ತಳಕ್ಕೂ ಜಾಳಿಯನ್ನೇ ಹಾಕಿದ. ಅದು ಅವನ ಸ್ವಂತ ತಲೆಯ ವಿಚಾರ. ಹಿಕ್ಕೆ, ಮೂತ್ರ ಎಲ್ಲ ತಂತಿಯ ಸಂದಿಯಿಂದ ಕೆಳಗಿನ ತಗಡಿನ ತಾಟಿಗೆ ಬೀಳುತ್ತಿತ್ತು, ತಾಟು ಎಳೆದು ಚೆಲ್ಲಿದರೆ ಮುಗಿಯಿತು. ಹಸಿರು ಬಣ್ಣ ಹೊಡೆದು ಅಂಗಡಿಯ ಮುಂದೆ ಇಟ್ಟ. ಬಸ್ಸು ಕಾಯುವವರು ಬಂದು ಬಗ್ಗಿ ನೋಡತೊಡಗಿದರು. ಕನಕಪ್ಪ ತಾಟು ಎಳೆದು ತೋರಿಸುತ್ತಿದ್ದ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದ. ಎರಡು ತಿಂಗಳಲ್ಲಿ ಅಂಥವೇ ನಾಲ್ಕು ಪಂಜರ ಮಾಡಿ ಕೊಟ್ಟ.

ಶೇಖವ್ವ ಮಾತ್ರ ಪಂಜರದ ಮುಂದೆ ಸುಮ್ಮನೆ ನಿಂತು ನೋಡುತ್ತಿದ್ದಳು. ಒಂದು ದಿನ ಮಗನಿಗೆ ಹೇಳಿದಳು.

"ಕನಕಾ, ಬೂದಿ ಕಾಲು ಎತ್ತೆತ್ತಿ ಇಡಾಕತ್ತೈತಿ ನೋಡು. ತಂತಿ ಒತ್ತತಾವೇನೋ."

"ಹೊಸಾ ಜಾಗಾ ಬೇ. ರೂಢಿ ಆಗ್ತೈತಿ."

ಮರುದಿನ ಪಂಜರದೊಳಗೆ ಗೋಣಿತಟ್ಟು ಹಾಸಿತ್ತು. ಅದರ ಮೇಲೆ ಹಿಕ್ಕೆ, ಮೂತ್ರ ಬಿದ್ದು ಒದ್ದೆಯಾಗಿತ್ತು. ಅದೇ ಹೊತ್ತಿಗೆ ಹಾನಗಲ್ಲಿನ ಶಿವಯೋಗಿ ಮಾಸ್ತರರು ಪಂಜರ ನೋಡಲು ಬಂದಿದ್ದರು. ಕನಕಪ್ಪ ತಾಟು ಎಳೆದರೆ ಅದರಲ್ಲಿ ಏನೂ ಇಲ್ಲ. ಅವನಿಗೆ ಮುಖಕ್ಕೆ ಹೊಡೆದಂತಾಯಿತು. ಬಾಗಿಲು ತೆಗೆದು ತಟ್ಟು ಎಳೆದು ರಸ್ತೆಯ ಬದಿಗೆ ಎಸೆದ.

"ತಟ್ಟು ಹಾಕಿದ್ರ ನಾ ಜಾಳಿ ಯಾಕ ಹಾಕಿದೆ ಬೇ? ನೀ ಏನರ ವೆಲ್ಡಿಂಗ್ ಕಲ್ತೀ ಏನು?" ಎಂದ. ಆಮೇಲೆ ಮಾಸ್ತರರ ಕಡೆ ತಿರುಗಿ, "ನೋಡ್ರಿ ಸರ್, ನಮ್ಮವ್ವ ಮೊಲಕ್ಕ ಗಾದಿ ಹಾಸಾಕತ್ತಾಳ. ನಾಳಿ ತಲಿದಿಂಬೂ ಇಡ್ತಾಳ," ಎಂದ.

ಮಾಸ್ತರರು ನಕ್ಕರು. ಕನಕಪ್ಪನೂ ನಕ್ಕ. ಶೇಖವ್ವ ಹೋಗಿ ತಟ್ಟನ್ನು ಎತ್ತಿಕೊಂಡು, ಮಣ್ಣು ಝಾಡಿಸಿ, ಮಡಚಿ ಒಳಗೆ ತೆಗೆದುಕೊಂಡು ಹೋದಳು. ಆಮೇಲೆ ಪಂಜರದ ಮಾತು ಎತ್ತಲಿಲ್ಲ. ಆದರೆ ದಿನಾ ಊಟವಾದ ಮೇಲೆ ಎರಡೂ ಮೊಲಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ, ಸಂಜೆಯವರೆಗೆ ಮಣ್ಣಿನ ಮೇಲೆ ಬಿಟ್ಟುಕೊಂಡು ಕೂರುತ್ತಿದ್ದಳು. ಮುದುಕಿಗೆ ಬೇರೆ ಕೆಲಸವಿಲ್ಲ ಎಂದುಕೊಂಡ ಕನಕಪ್ಪ.

ಶಿವರಾತ್ರಿ ಕಳೆದು ಬಿಸಿಲು ಏರಿದಾಗ ಬೂದಿ ಹುಲ್ಲು ತಿನ್ನುವುದನ್ನು ಬಿಟ್ಟಿತು. ಮೂಲೆಯಲ್ಲಿ ಮೈ ಮುದುಡಿಕೊಂಡು ಕೂತದ್ದು ಏಳಲೇ ಇಲ್ಲ. "ದವಾಖಾನಿಗೆ ಒಯ್ಯೋಣು," ಎಂದಳು ಶೇಖವ್ವ. ಕನಕಪ್ಪ ತಕ್ಷಣ ಒಪ್ಪಿದ. ಒಪ್ಪಿದ ಕಾರಣ ಅವನಿಗೆ ಮಾತ್ರ ಗೊತ್ತಿತ್ತು. ಮರುದಿನ ಚಿಕ್ಕೇರೂರಿನಿಂದ ಪಂಜರ ನೋಡಲು ಯಾರೋ ಬರುವವರಿದ್ದರು. ಸೊರಗಿದ ಮೊಲ ಅಂಗಡಿಯ ಮುಂದೆ ಇರಬಾರದಿತ್ತು.

ಬೂದಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ತಾಯಿ ಮಗ ಇಬ್ಬರೂ ಬಸ್ಸಿನಲ್ಲಿ ಹಾನಗಲ್ಲಿಗೆ ಹೋದರು. ದನದ ದವಾಖಾನೆಯ ವೈದ್ಯೆ ಸಣ್ಣ ವಯಸ್ಸಿನವರು. ಹಲ್ಲು ನೋಡಿದರು, ಹೊಟ್ಟೆ ಮುಟ್ಟಿದರು. ಆಮೇಲೆ ಬೂದಿಯನ್ನು ಮಗುವಿನಂತೆ ಅಂಗಾತ ಹಿಡಿದು ಹಿಂಗಾಲು ತೋರಿಸಿದರು. ಅಂಗಾಲಿನ ಕೂದಲು ಪೂರ್ತಿ ಸವೆದಿತ್ತು. ಚರ್ಮ ಬಿರಿದು ಕೆಂಪು ಮಾಂಸ ಕಾಣುತ್ತಿತ್ತು, ಒಂದು ಕಾಲಿನಲ್ಲಿ ಕೀವು ತುಂಬಿತ್ತು.

"ಇದನ್ನ ಎಲ್ಲಿ ಇಟ್ಟೀರಿ?"

"ಪಂಜರದಾಗ್ರಿ," ಎಂದ ಕನಕಪ್ಪ.

"ತಳಾ ಎಂಥಾದ್ದೈತಿ?"

"ತಂತಿ ಜಾಳಿದ್ರಿ."

"ನಾಯಿ ಬೆಕ್ಕಿನ ಅಂಗಾಲಿಗೆ ಮೆತ್ತನ ಗಾದಿ ಇರ್ತೈತಿ. ಮೊಲಕ್ಕ ಅದಿಲ್ಲ, ಬರೇ ಕೂದಲ. ಹಗಲೂ ರಾತ್ರಿ ತಂತಿ ಮ್ಯಾಲೆ ಕುಂತ್ರ ಹಿಂಗ ಆಗ್ತೈತಿ. ಈ ನೋವಿಗೇ ಅದು ಕೂಳು ಬಿಟ್ಟೈತಿ. ಯಾರು ಮಾಡಿದ್ದು ಆ ಪಂಜರಾ?"

ಕನಕಪ್ಪನ ಬಾಯಿಂದ ಮಾತು ತಾನಾಗಿ ಬಂತು. "ಗೊತ್ತಿಲ್ರಿ. ಹಾವೇರಿ ಸಂತ್ಯಾಗ ತಗೊಂಡಿದ್ವಿ."

ಶೇಖವ್ವ ಪಕ್ಕದಲ್ಲೇ ನಿಂತಿದ್ದಳು. ಒಂದು ಸಲ ಮಗನ ಮುಖ ನೋಡಿದಳು, ಆಮೇಲೆ ಖಾಲಿ ಬುಟ್ಟಿಯೊಳಗೆ ನೋಡತೊಡಗಿದಳು.

"ಮಾಡಿದವ ಸಿಕ್ರ ಹೇಳ್ರಿ," ಎಂದರು ವೈದ್ಯೆ, ಗಾಯ ತೊಳೆಯುತ್ತ. "ಬರಿಗಾಲಿಲೆ ಆ ಜಾಳಿ ಮ್ಯಾಲೆ ಅವನೂ ಒಂದು ದಿನ ನಿಂದ್ರಲಿ ಅಂತ." ಮುಲಾಮು ಹಚ್ಚಿ, ಸೂಜಿ ಚುಚ್ಚಿದ ಮೇಲೆ, ಗಟ್ಟಿ ನೆಲದ ಮೇಲೆ ದಪ್ಪಗೆ ಹುಲ್ಲು ಹಾಸಿ ಇಡಿ, ಒದ್ದೆಯಾದ ಹುಲ್ಲನ್ನು ದಿನಾ ತೆಗೆಯಿರಿ, ಎಂಟು ದಿನ ಬಿಟ್ಟು ಬನ್ನಿ ಎಂದರು.

ಬಸ್ಸಿನಲ್ಲಿ ಕನಕಪ್ಪ ತಾಯಿಯ ಪಕ್ಕ ಕೂತ. ಅವಳು ಈಗ ಏನಾದರೂ ಅಂದಾಳು, ಈಗ ಅಂದಾಳು ಎಂದು ಕಾದ. ಒಂದು ಮಾತು ಬೈದಿದ್ದರೂ ಹಗುರಾಗುತ್ತಿತ್ತು. ಅಕ್ಕಿಆಲೂರು ಬರುವವರೆಗೆ ಅವಳು ಆಡಿದ್ದು ಒಂದೇ ಮಾತು. "ಮುಲಾಮು ದಿನಕ್ಕ ಎರಡು ಸಲ ಅಂದ್ರಲ್ಲಾ?"

ಮನೆಗೆ ಬಂದವನೇ ಪಂಜರವನ್ನು ಅಂಗಡಿಯ ಹಿಂದಕ್ಕೆ ಒಯ್ದು ತಳದ ಜಾಳಿಯನ್ನು ಕತ್ತರಿಸಿದ. ಹಲಗೆ ಕೂಡಿಸಿದ, ಹುಲ್ಲು ಹಾಸಿದ. ಬಿಳಿಯದರ ಅಂಗಾಲಿನ ಕೂದಲೂ ಸವೆಯತೊಡಗಿತ್ತು. ಚಿಕ್ಕೇರೂರಿನವರಿಗೆ ಫೋನು ಮಾಡಿ, ಸದ್ಯಕ್ಕೆ ಪಂಜರ ಮಾಡುತ್ತಿಲ್ಲ ಎಂದ. ಉಳಿದ ನಾಲ್ಕು ಪಂಜರಗಳ ನೆನಪು ಆವತ್ತೇ ಬಂದಿತ್ತು. ಆದರೆ ಮೂರು ದಿನ ಏನೂ ಮಾಡಲಿಲ್ಲ. ಯಾರೂ ಕೇಳಿಲ್ಲವಲ್ಲ ಎಂದುಕೊಂಡ. ಅವರ ಮೊಲಗಳಿಗೆ ಏನೂ ಆಗಿರಲಿಕ್ಕಿಲ್ಲ ಎಂದುಕೊಂಡ. ನಾಲ್ಕನೆಯ ದಿನ ಚಹಾ ಕೊಡುತ್ತ ಶೇಖವ್ವ, "ಫಕ್ರುಸಾಬರ ಮನ್ಯಾಗಿನ ಮೊಲಾ ಹ್ಯಾಂಗ ಅದಾವೋ ಏನೋ," ಎಂದಳು. ಅಷ್ಟೇ. ಅವನು ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ಫಕ್ರುಸಾಬರು ಪಂಜರ ಕೊಂಡ ನಾಲ್ವರಲ್ಲಿ ಒಬ್ಬರು, ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಹಲಗೆ, ಮೊಳೆ ಹಿಡಿದು ಹೋಗುವಾಗ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಕನಕಪ್ಪ ಕಟ್ಟಿಕೊಂಡಿದ್ದ. ಅಲ್ಲಿ ನಿಂತಾಗ ಬಾಯಿಗೆ ಬೇರೆಯೇ ಬಂತು.

"ಕಾಕಾ, ಪಂಜರಕ್ಕ ಈಗ ಹೊಸಾ ನಮೂನಿ ತಳಾ ಬಂದೈತ್ರಿ. ನಿಮಗ ಪುಕ್ಕಟ ಹಾಕಿ ಕೊಡ್ತೇನಿ."

ಫಕ್ರುಸಾಬರಿಗೆ ಖುಷಿಯಾಯಿತು. "ನೋಡು, ಕೊಟ್ಟ ಮ್ಯಾಲೂ ಗಿರಾಕಿ ನೆನಪು ಇಟ್ಕೊಂಡಾನ. ಇಂಥಾವರು ಎಲ್ಲಿ ಸಿಗ್ತಾರ ಈಗ," ಎಂದು ಒಳಗೆ ಹೆಂಡತಿ ಬಿಬಿಜಾನಳಿಗೆ ಚಹಾಕ್ಕೆ ಹೇಳಿದರು. ಕನಕಪ್ಪ ತಲೆ ಬಗ್ಗಿಸಿ ಜಾಳಿ ಕತ್ತರಿಸತೊಡಗಿದ. ಅದು ಅವನದೇ ವೆಲ್ಡಿಂಗ್. ಗಟ್ಟಿಯಾಗಿತ್ತು, ಬೇಗ ಬಿಡಲಿಲ್ಲ.

ಚಹಾ ತಂದ ಬಿಬಿಜಾನ ಅಲ್ಲೇ ಕೂತು ಮೊಲವನ್ನು ತೊಡೆಯ ಮೇಲೆ ತೆಗೆದುಕೊಂಡಳು. ಅದರ ಎರಡೂ ಹಿಂಗಾಲಿಗೆ ಬಟ್ಟೆ ಸುತ್ತಿತ್ತು.

"ಇದಕ್ಕ ಕಾಲಿನ್ಯಾಗ ಹುಣ್ಣಾಗ್ಯಾವಪಾ. ಅರಿಷಿಣ ಹಚ್ಚಾಕತ್ತೇನಿ. ನಾನ ಏನೋ ತಿನ್ನಬಾರದ್ದು ತಿನಿಸೇನಿ ಕಾಣ್ತೈತಿ. ನನ್ನ ಕೈಗೆ ಇಂಥಾ ಮೂಕ ಜೀವಾ ಕೊಡಬಾರದಾಗಿತ್ತು ಅಂತ ದಿನಾ ಅನ್ಕೊಂತೇನಿ. ಮೊಲಾ ಕೊಟ್ಟ ಮೊಮ್ಮಗಳು ಶಿಗ್ಗಾಂವಿಂದ ಫೋನ್ ಮಾಡಿದ್ರ ಚಲೋ ಐತಿ ಅಂತ ಸುಳ್ಳು ಹೇಳ್ತೇನಿ."

ಕನಕಪ್ಪ ಚಹಾದ ಕಪ್ಪನ್ನು ನೆಲಕ್ಕಿಟ್ಟ.

"ನಿಮ್ಮಿಂದಲ್ರಿ ಕಾಕಿ. ಪಂಜರದಿಂದ ಆಗೈತಿ. ತಪ್ಪು ನಂದೈತ್ರಿ. ನಮ್ಮ ಮನಿದಕ್ಕೂ ಹಂಗ ಆಗೈತಿ, ದವಾಖಾನ್ಯಾಗ ಹೇಳಿದ್ರು. ಹೊಸಾ ನಮೂನಿ ಅಂದದ್ದು ಸುಳ್ಳರಿ."

ಫಕ್ರುಸಾಬರು ಮೊಲದ ಕಾಲಿನ ಬಟ್ಟೆ ನೋಡಿದರು, ಆಮೇಲೆ ಕನಕಪ್ಪನನ್ನು ನೋಡಿದರು.

"ಯಾವಾಗ ಗೊತ್ತಾತು ನಿನಗ?" ಕೇಳಿದಳು ಬಿಬಿಜಾನ.

"ನಾಕು ದಿನಾ ಆತ್ರಿ."

"ನಾಕು ದಿನಾ," ಎಂದಳು ಅವಳು. ಮೊಲವನ್ನು ಎತ್ತಿಕೊಂಡು ಒಳಗೆ ಹೋದಳು. ಕನಕಪ್ಪ ಹಲಗೆ ಕೂಡಿಸಿ ಮುಗಿಸುವವರೆಗೆ ಫಕ್ರುಸಾಬರು ಅಲ್ಲೇ ನಿಂತಿದ್ದರು. ಮುಲಾಮಿನ ಹೆಸರು ಬರೆದ ಚೀಟಿಯನ್ನು ಪಂಜರದ ಮೇಲಿಟ್ಟು ಅವನು ಹೊರಬಿದ್ದ.

ಮತ್ತೆರಡು ಮನೆಗಳಲ್ಲಿ ಇಷ್ಟು ಆಗಲಿಲ್ಲ. ಒಬ್ಬರು ಮೊಲಗಳನ್ನು ಮೊದಲೇ ತೋಟಕ್ಕೆ ಬಿಟ್ಟಿದ್ದರು. ಇನ್ನೊಬ್ಬರ ಮೊಲದ ಕಾಲು ಈಗಷ್ಟೇ ಕೆಂಪಾಗುತ್ತಿತ್ತು. ಎರಡೂ ಕಡೆ ಅವನು ಮೊದಲೇ ನಿಜ ಹೇಳಿದ.

ಕೊನೆಗೆ, ನಾಲ್ಕನೆಯ ಪಂಜರ ಕೊಂಡಿದ್ದ ಹಾನಗಲ್ಲಿನ ಶಿವಯೋಗಿ ಮಾಸ್ತರರ ಮನೆ. ಪಂಜರ ಪಡಸಾಲೆಯಲ್ಲೇ ಇತ್ತು. ಅದರೊಳಗೆ ಉಳ್ಳಾಗಡ್ಡಿ ತುಂಬಿದ್ದರು.

"ಮೊಲಾ ಎಲ್ಲಿ ಅದಾವ್ರಿ ಸರ್?"

"ಒಂದು ಸತ್ತುಹೋತು, ಹೋದ ವಾರ. ಒಂದು ಉಳೀತು, ಅದನ್ನ ಹಿರೇಕೆರೂರಿನ್ಯಾಗ ನಮ್ಮ ತಂಗಿ ಮನಿಗೆ ಕೊಟ್ಟೆ. ಸತ್ತದ್ದಕ್ಕ ಕಾಲಾಗ ಹುಳಾ ಬಿದ್ದಿದ್ವು. ನಾವು ನೋಡೂದ್ರಾಗ ತಡ ಆಗಿತ್ತು."

ಕನಕಪ್ಪ ನಿಂತಲ್ಲೇ ಎಲ್ಲವನ್ನೂ ಹೇಳಿದ. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಅವನು ಬೈಗುಳಕ್ಕೆ ಸಿದ್ಧನಾಗಿದ್ದ. ಅವರು ಬೈಯಲಿಲ್ಲ.

"ನಿಮ್ಮ ತಾಯಿ ಅವತ್ತು ತಟ್ಟು ಹಾಸಿದ್ರಲ್ಲ ಕನಕಪ್ಪ," ಎಂದರು ಮೆಲ್ಲಗೆ. "ನಾವಿಬ್ರೂ ನಕ್ವಿ. ಮೊಲಾ ಸತ್ತ ದಿನದಿಂದ ಅದ ನೆನಪಾಗಾಕತ್ತೈತಿ ನನಗ. ಅವರ ಮುಂದ ಬಂದು ನಿಂದ್ರಾಕ ನನಗ ಮುಖಾ ಇಲ್ಲ."

ಅವನು ತಂದಿದ್ದ ಹಲಗೆಯನ್ನು ಹಾಗೇ ವಾಪಸು ಕಟ್ಟಿಕೊಂಡು ಹೊರಟ. ಊರಿನ ಹತ್ತಿರ ಬಂದಾಗ ಬೈಕು ನಿಲ್ಲಿಸಿ, ಗದ್ದೆಯ ಬದುವಿನ ಮೇಲೆ ಸ್ವಲ್ಪ ಹೊತ್ತು ಕೂತ. ಸತ್ತ ಮೊಲದ ಬಣ್ಣ ಏನಿತ್ತು ಎಂದು ಕೇಳಿರಲೇ ಇಲ್ಲ.

ಸಂಜೆ ಶೇಖವ್ವ ಹಿತ್ತಲಲ್ಲಿ ಬೂದಿಯ ಕಾಲಿಗೆ ಮುಲಾಮು ಹಚ್ಚುತ್ತಿದ್ದಳು. ಅವನು ಹೋಗಿ ಎದುರಿಗೆ ಕೂತು ಮೊಲವನ್ನು ಹಿಡಿದುಕೊಂಡ.

"ಯವ್ವಾ, ದವಾಖಾನ್ಯಾಗ ನಾ ಸುಳ್ಳು ಹೇಳಿದೆ."

"ಹೂಂ."

"ಮಾಸ್ತರ ಮುಂದ ನಿನ್ನ ಹಂಗ ಅನ್ನಬಾರದಾಗಿತ್ತು."

ಶೇಖವ್ವ ಮುಲಾಮಿನ ಮುಚ್ಚಳ ತಿರುಗಿಸಿ ಹಾಕಿದಳು. "ನೀ ಅಂದದ್ದು ಬಿಡು. ತಂತಿ ಒತ್ತತಾವು ಅಂತ ನನಗ ಗೊತ್ತಿತ್ತಲ್ಲ? ನೀ ಸಿಟ್ಟಾಗ್ತಿ ಅಂತ ಎರಡು ತಿಂಗಳ ಬಾಯಿ ಮುಚ್ಕೊಂಡು ಕುಂತೆ. ಈ ಕಾಲು ನೋಡಿದಾಗೆಲ್ಲ ನನಗೂ ಹೊಟ್ಟಿ ಉರಿತೈತಿ."

ತನ್ನ ತಪ್ಪಿನಲ್ಲಿ ಅವಳೂ ಪಾಲು ತೆಗೆದುಕೊಂಡದ್ದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಎಂಟು ದಿನದ ಮೇಲೆ ಮತ್ತೆ ಹಾನಗಲ್ಲಿಗೆ ಹೋದಾಗ ಕನಕಪ್ಪ ವೈದ್ಯೆಗೆ, "ಮೇಡಂ, ಆ ಪಂಜರಾ ನಾನ ಮಾಡಿದ್ದರಿ," ಎಂದ. ಹೊರಗೆ ದನಗಳು ಸಾಲಾಗಿ ನಿಂತಿದ್ದವು. ಅವರಿಗೆ ಯಾವ ಪಂಜರವೆಂದು ಕೂಡಲೇ ತಿಳಿಯಲಿಲ್ಲ. ತಿಳಿದ ಮೇಲೆ, "ಹೌದಾ? ಮುಂದ ಮಾಡಬ್ಯಾಡ್ರಿ. ಕಾಲು ಗಟ್ಟಿ ಹಿಡ್ಕೊಳ್ರಿ," ಎಂದು ಗಾಯ ತೊಳೆಯತೊಡಗಿದರು. ಕೀವು ನಿಂತಿತ್ತು. ಬೂದಿ ಮತ್ತೆ ಹುಲ್ಲು ತಿನ್ನುತ್ತಿತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಚಿಕ್ಕೇರೂರಿನವರು ತಾವಾಗಿಯೇ ಬಂದರು. ಗಂಡ ಹೆಂಡತಿ ಇಬ್ಬರೂ ಇದ್ದರು. ಮೊಲಕ್ಕೆ ಎಂಥ ಮನೆ ಬೇಕು ಎಂದು ಕೇಳಿದರು.

"ತಡೀರಿ, ಅದನ್ನ ನಮ್ಮವ್ವ ಹೇಳ್ತಾಳ," ಎಂದು ಕನಕಪ್ಪ ಒಳಗೆ ಹೋದ. ಶೇಖವ್ವ ಅಕ್ಕಿ ಹಸನು ಮಾಡುತ್ತಿದ್ದಳು.

"ನಾ ಒಲ್ಲೆ," ಎಂದಳು, ತಲೆ ಎತ್ತದೆ. "ಹೊರಗಿನ ಮಂದಿ ಮುಂದ ನನ್ನ ಕರೀಬ್ಯಾಡ. ನೀನ ಹೇಳು."

ಅವನು ಬಾಗಿಲಲ್ಲಿ ತುಸು ಹೊತ್ತು ನಿಂತ. ಅವಳು ಏಳಲಿಲ್ಲ. ಅವನು ಹೊರಗೆ ಬಂದು, ಅವರನ್ನು ಕುರ್ಚಿಯ ಮೇಲೆ ಕೂರಿಸಿ, ತಾನು ನಿಂತುಕೊಂಡೇ, ತಳಕ್ಕೆ ತಂತಿ ಯಾಕೆ ಹಾಕಬಾರದು ಎಂಬುದನ್ನು ಮೊದಲಿನಿಂದ ಹೇಳತೊಡಗಿದ.