ಟೈ ಇಲ್ಲದ ಅತಿಥಿಗಳ ಕೋಣೆ

ಪೆಂಡ್ರಿ ಕಾರಿನ ಕಾರ್ಖಾನೆಯಲ್ಲಿ ಊಟಕ್ಕೆ ಮೂರು ಕೋಣೆಗಳಿದ್ದವು. ನಿರ್ದೇಶಕರಿಗೊಂದು, ಗುಮಾಸ್ತರಿಗೊಂದು, ಸುತ್ತಿಗೆ ಹಿಡಿದವರಿಗೊಂದು. ಕೊನೆಯದರಲ್ಲಿ ಬಡಿಸುವವಳು ನಾನು. ನನ್ನ ಗಂಡ ಸಿರಿಲ್ ಅಲ್ಲೇ ಕಾರಿನ ತಗಡು ತಟ್ಟುತ್ತಿದ್ದ. ಕಾರು ಗಾಳಿಯಂತೆ ಓಡುತ್ತಿತ್ತು. ಮಳೆ ಬಂದರೆ ಮಾತ್ರ ನೀರು ಒಳಗೂ ಬರುತ್ತಿತ್ತು. ಅದನ್ನು ಸರಿಪಡಿಸಲು ಐದು ವರ್ಷದಿಂದ ಒಂದು ಸಮಿತಿ ಇತ್ತು. ಸಮಿತಿ ಮಧ್ಯಾಹ್ನ ಚೆನ್ನಾಗಿ ಉಣ್ಣುತ್ತಿತ್ತು.

ಎಪ್ಪತ್ತನಾಲ್ಕರ ಚಳಿಗಾಲಕ್ಕೆ ಮಾರಾಟವಾಗದ ಕಾರುಗಳು ಅಂಗಳದಲ್ಲಿ ಸಾಲಾಗಿ ನಿಂತವು. ಉಳಿದದ್ದು ಒಂದೇ ಆಸೆ, ಕ್ಯಾಲಿಫೋರ್ನಿಯಾದ ವ್ಯಾಪಾರಿ ಕೋಲ್ಟರ್. ಅವನು ಒಪ್ಪಿದರೆ ಅಷ್ಟೂ ಕಾರು ಹಡಗು ಹತ್ತುತ್ತವೆ, ಇಲ್ಲವಾದರೆ ಗೇಟಿಗೆ ಬೀಗ. ಸಿರಿಲ್‌ಗೆ ಆಗಲೇ ಐವತ್ತು ದಾಟಿತ್ತು, ಬೇರೆ ಕಸುಬು ಗೊತ್ತಿರಲಿಲ್ಲ. ನನಗೆ ಹೆದರಿಕೆಯಾಗಿತ್ತು.

ಕೋಲ್ಟರ್ ಬಂದ ದಿನ ಅಧ್ಯಕ್ಷ ಸರ್ ಗಾಡ್ಫ್ರಿ ರೋಸ್ಟ್ ಬೀಫ್ ಮಾಡಿಸಿ ಕಾದು ಕುಳಿತಿದ್ದರು. ಬಾಗಿಲಲ್ಲಿ ಅವರ ಬಟ್ಲರ್ ಹಾರಿಸ್ ಅತಿಥಿಯನ್ನು ತಡೆದ. ಪಾತ್ರೆ ಒಯ್ಯಲು ಬಂದ ನಾನು ಪಕ್ಕದಲ್ಲೇ ಇದ್ದೆ. ಕೋಲ್ಟರ್ ಟೈ ಕಟ್ಟಿರಲಿಲ್ಲ.

ಹಾರಿಸ್ ಒಳಗೆ ಹೋಗಿ ಕೇಳಿಕೊಂಡು ಬಂದ. "ಬೀರುವಲ್ಲಿ ಒಂದು ಟೈ ಇದೆ ಸ್ವಾಮಿ. ಆದ್ರೆ ಅದು ಸರ್ ಗಾಡ್ಫ್ರಿ ಅವ್ರ ಸೇನಾ ರೆಜಿಮೆಂಟಿಂದು, ಅದ್ರಲ್ಲಿದ್ದೋರು ಮಾತ್ರ ಕಟ್ಟೋದು. ತಾವು ಅದ್ರಲ್ಲಿ ಇದ್ರಾ?"

"ನಾನು ನೌಕಾಪಡೇಲಿದ್ದೆ ಕಣಯ್ಯ."

"ಹಾಗಾದ್ರೆ ಕೊಡೋ ಹಾಗಿಲ್ಲ. ಮೇವಿಸ್, ಇವ್ರನ್ನ ನಿಮ್ ಕಡೆ ಕರ್ಕೊಂಡ್ ಹೋಗಮ್ಮ."

ಕರೆದುಕೊಂಡು ಹೋಗಿ ಸಿರಿಲ್ ಪಕ್ಕ ಕೂರಿಸಿದೆ. ಆಲೂಗಡ್ಡೆ ಹೊದಿಸಿದ ಮಾಂಸದ ಪೈ ಬಡಿಸಿದೆ.

"ಕಾರು ಸೋರುತ್ತೆ ಅಂತಾರಲ್ಲ, ನಿಜಾನಾ?" ಎಂದ ಕೋಲ್ಟರ್.

"ಸೋರುತ್ತೆ," ಎಂದ ಸಿರಿಲ್. ಕೈಯಲ್ಲಿದ್ದ ಸೌಟಿನಿಂದಲೇ ಅವನ ತಲೆಗೆ ಕುಟ್ಟಬೇಕೆನಿಸಿತು. "ನಿಮ್ಮೂರಲ್ಲಿ ಮಳೆ ಬರುತ್ತಾ?" ಎಂದು ಅವನೇ ಮುಂದುವರಿಸಿದ.

"ಅಪರೂಪ."

"ಮತ್ತೇನು ತೊಂದ್ರೆ?"

ಕೋಲ್ಟರ್ ನಕ್ಕು ಇನ್ನಷ್ಟು ಪೈ ಹಾಕಿಸಿಕೊಂಡ. "ಅಷ್ಟೂ ತಗೋತೀನಿ. ನಿಮ್ ಯಜಮಾನ್ರು ಇಲ್ಲಿಗೆ ಬಂದು ಕೈ ಕುಲುಕಿದ್ರೆ ಸಾಕು."

ನಾನೇ ಓಡಿಹೋಗಿ ಹೇಳಿದೆ. ಸರ್ ಗಾಡ್ಫ್ರಿ ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. "ನಮ್ ತಾತ ಕಟ್ಟಿದ ಕಾರ್ಖಾನೆ ಇದು. ತಾತಾನೂ ಆ ಕೋಣೆಗೆ ಕಾಲಿಟ್ಟೋರಲ್ಲ," ಎಂದರು.

ಕೋಲ್ಟರ್ ಚಹಾ ಮುಗಿಯುವವರೆಗೆ ಕಾದ. ಆಮೇಲೆ ನನಗೆ ಥ್ಯಾಂಕ್ಸ್ ಹೇಳಿ ಟ್ಯಾಕ್ಸಿ ಹತ್ತಿದ.

ನಿರ್ದೇಶಕರು ಸುಮ್ಮನಿರಲಿಲ್ಲ. ಇಂಥ ಮುಜುಗರ ಮತ್ತೆ ಆಗಬಾರದೆಂದು, ಟೈ ಇಲ್ಲದ ಅತಿಥಿಗಳಿಗಾಗಿ ಓಕ್ ಮರ ಹೊದಿಸಿದ ನಾಲ್ಕನೆಯ ಕೋಣೆ ಕಟ್ಟಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ. ನಮ್ಮಲ್ಲಿ ಹೇಳಿದ ದಿನಕ್ಕೆ ಮುಗಿದ ಕೆಲಸ ಅದೊಂದೇ. ಅಲ್ಲಿ ಯಾರೂ ಉಣ್ಣಲಿಲ್ಲ.

ಬೇಸಿಗೆಯಲ್ಲಿ ಬೀಗ ಬಿತ್ತು. ಕೊನೆಯ ಸಂಬಳಕ್ಕೆ ಎಲ್ಲರನ್ನೂ ಆ ಹೊಸ ಕೋಣೆಗೇ ಕರೆದರು. ಬೆಳಿಗ್ಗೆ ಸಿರಿಲ್ ಮದುವೆಯ ದಿನದ ಟೈ ಹುಡುಕಿ ತೆಗೆದ.

"ಆ ಕೋಣೆಗೆ ಟೈ ಬೇಕಾಗಿಲ್ಲ ಕಣೋ," ಎಂದೆ.

"ಗೊತ್ತು. ಟೈ ಇಲ್ದೆ ಹೋದ್ರೆ ಅತಿಥಿ ಅಂದ್ಕೋತಾರೆ. ಮೂವತ್ತು ವರ್ಷ ಅಲ್ಲಿ ದುಡ್ದಿದೀನಿ ಮೇವಿಸ್."

ಗಂಟು ಓರೆಯಾಗಿತ್ತು. ಸರಿಮಾಡಲು ಹೋದೆ, ಅದು ಇನ್ನೊಂದು ಕಡೆಗೆ ವಾಲಿತು. ಓರೆಯಾಗಿಯೇ ಕಟ್ಟಿಕೊಂಡು ಹೋದ.