ಹೆಬ್ಬಾತಿನ ಚಿಪ್ಪಿನ ಹಿಮ

ನನ್ನ ಅತ್ತಿಗೆ ಟೆಕ್ಲಾ ಅಮ್ಮನ ಹೆಸರನ್ನು ಬ್ಲೇಡಿನಿಂದ ಕೆರೆದು ತೆಗೆದಳು. ಅದನ್ನು ನಾನು ಮರೆತಿಲ್ಲ, ಮರೆಯುವವಳೂ ಅಲ್ಲ.

ಅಮ್ಮ ಹಿಮದ ಜಾಡಿ ಮಾಡುತ್ತಿದ್ದಳು. ಜಾಮ್ ಖಾಲಿಯಾದ ಗಾಜಿನ ಜಾಡಿಯ ಮುಚ್ಚಳದೊಳಗೆ ಸುಟ್ಟ ಮಣ್ಣಿನ ಪುಟ್ಟ ಚರ್ಚು ಅಂಟಿಸಿ, ಜಾಡಿಗೆ ನೀರು, ಗ್ಲಿಸರಿನ್, ಹಿಮ ತುಂಬಿ, ಬಿಗಿಯಾಗಿ ಮುಚ್ಚಿ ತಲೆಕೆಳಗಾಗಿ ನಿಲ್ಲಿಸುವುದು. ಮುಚ್ಚಳವೇ ತಳ. ಅಲುಗಾಡಿಸಿದರೆ ಚರ್ಚಿನ ಮೇಲೆ ಹಿಮ ಬೀಳುತ್ತದೆ. ಅವಳ ಹಿಮ ಪ್ಲಾಸ್ಟಿಕ್ ಪುಡಿಯಲ್ಲ, ಹೆಬ್ಬಾತಿನ ಮೊಟ್ಟೆಯ ಬಿಳಿ ಚಿಪ್ಪು. ವಸಂತದಿಂದ ಕೂಡಿಟ್ಟ ಚಿಪ್ಪನ್ನು ಕುದಿಸಿ, ಒಳಗಿನ ಪೊರೆಯನ್ನು ಉಗುರಿನಿಂದ ಚೂರೂ ಬಿಡದೆ ಸುಲಿದು, ಒಲೆಯ ಮೇಲೆ ಒಣಗಿಸಿ ಕುಟ್ಟುತ್ತಿದ್ದಳು. ಪೊರೆ ಉಳಿದರೆ ಎರಡು ವಾರದಲ್ಲಿ ನೀರು ಕೊಳೆಯುತ್ತದೆ.

ಕೊನೆಗೆ ಮುಚ್ಚಳದ ಹೊರಗೆ ಕೆಂಪು ಬಣ್ಣದಲ್ಲಿ ‘ಗೆನೊವೆಫಾ’ ಎಂದು ಬರೆಯುತ್ತಿದ್ದಳು. ಓದು ಬರಹ ಅಷ್ಟಕ್ಕಷ್ಟೇ ಇದ್ದ ಹೆಂಗಸು. ತನ್ನ ಹೆಸರನ್ನು ಖುಷಿಯಿಂದ ಬರೆದದ್ದು ಅಲ್ಲಿ ಮಾತ್ರ.

ಹೋದ ವರ್ಷ ಅಮ್ಮ ತೀರಿಕೊಂಡಾಗ ಕಪಾಟಿನಲ್ಲಿ ಮೂವತ್ತು ಜಾಡಿ ಸಿದ್ಧವಿದ್ದವು. ಅಣ್ಣ ಕಾಜಿಕ್‌ನ ಹೆಂಡತಿ ಟೆಕ್ಲಾ ಅವನ್ನು ಡಿಸೆಂಬರ್ ಆರರ ಸಂತ ನಿಕೋಲಸ್ ದಿನದ ಚರ್ಚಿನ ಸಂತೆಗೆ ಒಯ್ದಳು. ನಾನು ಒಂದನ್ನು ಎತ್ತಿ ತಿರುಗಿಸಿದರೆ, ಕೆರೆದ ಗುರುತಿನ ಮೇಲೆ ‘ಟೆಕ್ಲಾ’ ಎಂದಿತ್ತು. ಪಾದ್ರಿಯವರು ಎಲ್ಲರೆದುರು ಅವಳ ಕೈಕೆಲಸವನ್ನು ಹೊಗಳಿದರು. ಅವಳು ತಲೆ ತಗ್ಗಿಸಿ ನಾಚಿಕೊಂಡಳು.

ಈ ವರ್ಷ ನವೆಂಬರಿನ ಕೊನೆಯಲ್ಲಿ ಅವಳೇ ನನ್ನ ಮನೆಗೆ ಬಂದಳು. ಜಾಡಿ ಮುಗಿದಿದ್ದವು, ಜನ ಕೇಳುತ್ತಿದ್ದರು. ನೀರಿಗೆ ಗ್ಲಿಸರಿನ್ ಎಷ್ಟು ಹಾಕಬೇಕೆಂದು ಅಮ್ಮ ನನ್ನೊಬ್ಬಳಿಗೇ ಹೇಳಿದ್ದಳು. ನಾನು ಚಹಾ ಕೊಟ್ಟೆ, ಗಸಗಸೆ ಕೇಕ್ ಕೊಟ್ಟೆ, ಅಳತೆಯನ್ನೂ ಸರಿಯಾಗಿಯೇ ಹೇಳಿದೆ. ಪೊರೆಯ ಸುದ್ದಿ ಮಾತ್ರ ಎತ್ತಲಿಲ್ಲ.

“ಚಿಪ್ಪು ಕುದಿಸಿ, ಒಣಗಿಸಿ, ಕುಟ್ಟೋದು. ಅಷ್ಟೇನಾ?” ಎಂದು ಕೇಳಿದಳು.

“ಅಷ್ಟೇ ಅತ್ತಿಗೆ. ಕೈ ನೋಯೋವರೆಗೂ ಕುಟ್ಟಿ,” ಎಂದೆ.

ಅವಳು ನನ್ನನ್ನು ಒಂದು ಗಳಿಗೆ ನೋಡಿ, ಉಳಿದ ಚಹಾ ಕುಡಿದು ಎದ್ದಳು.

ಸಂತೆಯ ದಿನ ನಾನು ಅವಳ ಮೇಜಿನ ಹತ್ತಿರ ಸುಳಿಯಲಿಲ್ಲ. ದೂರದಿಂದಲೇ ನೋಡಿದೆ. ನಲವತ್ತು ಜಾಡಿ ನಲವತ್ತು ಮನೆ ಸೇರಿದವು. ಒಂದೊಂದು ಹೋದಾಗಲೂ ಹಾಲು ಕುಡಿದಷ್ಟು ಸಂತೋಷವಾಯಿತು.

ಹದಿನೈದು ದಿನಕ್ಕೆ ನೀರು ಗಂಜಿಯಂತಾಯಿತು. ಬದಲಿಸೋಣವೆಂದು ಮುಚ್ಚಳ ತೆಗೆದವರು ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದರು. ಟೆಕ್ಲಾಳಿಗೆ ಊರು ಉಗಿಯುವುದನ್ನು ಕೇಳಲೆಂದೇ ನಾನು ಬೇಕರಿಯ ಸಾಲಿನಲ್ಲಿ ನಿಂತೆ. ಮುಂದೆ ಅಂಚೆ ಕಚೇರಿಯ ಹೆಂಗಸು ಯಾರಿಗೋ ಹೇಳುತ್ತಿದ್ದಳು:

“ಸತ್ತವರನ್ನ ಅನ್ನಬಾರ್ದು. ಆದ್ರೂ ಆ ಗೆನೊವೆಫಾ ಎಂಥ ಕೊಳಕು ಮಾಡಿಟ್ಟು ಹೋಗಿದಾಳೆ ನೋಡಿ. ಟೆಕ್ಲಾ ಪಾಪ, ಅತ್ತೆ ಮಾಡಿದ್ದು ಇನ್ನೂ ಉಳಿದಿತ್ತು ಅಂತ ನಂಬಿ ಸಂತೆಗೆ ತಂದ್ಲು.”

ರೊಟ್ಟಿ ಕೊಳ್ಳದೆ ಹೊರಬಿದ್ದೆ. ಆ ಅಂಚೆ ಕಚೇರಿಯ ಹೆಂಗಸಿನ ಮನೆಯ ಕಸದ ಡಬ್ಬಿಯಿಂದ ಜಾಡಿಯ ಮುಚ್ಚಳವನ್ನು ಹೆಕ್ಕಿ ತಿರುಗಿಸಿ ನೋಡಿದೆ. ಕೆಂಪು ಬಣ್ಣ, ದುಂಡು ಅಕ್ಷರ: ಗೆನೊವೆಫಾ.

ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟ ಎಂದಿನಂತೆ ಅಣ್ಣನ ಮನೆಯಲ್ಲಿ. ಮೊದಲ ನಕ್ಷತ್ರ ಕಂಡ ಮೇಲೆ ಒಬ್ಬರ ಕೈಯಲ್ಲಿನ, ಚರ್ಚಿನಿಂದ ತಂದ ತೆಳು ಪ್ರಸಾದದ ಹಪ್ಪಳವನ್ನು ಇನ್ನೊಬ್ಬರು ಮುರಿದು ತಿಂದು, ತಪ್ಪಾಗಿದ್ದರೆ ಕ್ಷಮೆ ಕೇಳಬೇಕು. ಅಲ್ಲಿಯವರೆಗೆ ಬೀಟ್‌ರೂಟ್ ಸಾರಿಗೆ ಯಾರೂ ಚಮಚ ಹಾಕುವುದಿಲ್ಲ. ಅಣ್ಣ ಇನ್ನೂ ಒಳಗೆ ಮೀನು ಕರಿಯುತ್ತಿದ್ದ. ಟೆಕ್ಲಾ ನನ್ನೆದುರು ಹಪ್ಪಳ ಹಿಡಿದು ನಿಂತಳು. ಅವಳು ಊರಿಗೆ ನಿಜ ಹೇಳಿ ಅಮ್ಮನ ಹೆಸರು ಉಳಿಸುವುದಾದರೆ ಅವಳ ಕಾಲು ಹಿಡಿಯಲೂ ನಾನು ತಯಾರಿದ್ದೆ.

“ಪೊರೆ ಸುಲೀಬೇಕಿತ್ತು ಅತ್ತಿಗೆ. ನಾನು ಬೇಕಂತಲೇ ಹೇಳ್ಲಿಲ್ಲ,” ಎಂದೆ.

“ಗೊತ್ತು,” ಎಂದಳು. “ಇಪ್ಪತ್ತು ವರ್ಷ ಅತ್ತೆ ಅಡುಗೆಮನೇಲಿ ಪಾತ್ರೆ ತಿಕ್ಕಿದೀನಿ ಫ್ರನ್ಯಾ. ಅವರು ಪೊರೆ ಸುಲಿಯೋದು ನಾನು ನೋಡಿಲ್ವಾ? ಅಳತೆ ಒಂದೇ ಗೊತ್ತಿರ್ಲಿಲ್ಲ. ನೀನು ಹೇಳಿದ ಹಾಗೇ ಮಾಡ್ದೆ. ಹೆಸರು ಮಾತ್ರ ನಂದು ಹಾಕ್ಲಿಲ್ಲ.”

ನನ್ನ ಹಪ್ಪಳದ ಅಂಚು ಮುರಿದು ಬಾಯಿಗೆ ಹಾಕಿಕೊಂಡಳು. ನಾನೂ ಅವಳದನ್ನು ಮುರಿದೆ. ಅಣ್ಣ ಮೀನು ತಂದಿಟ್ಟ.

ಹಬ್ಬ ಕಳೆದಾಗಿನಿಂದ ನಾನು ಆ ನಲವತ್ತು ಮನೆಗಳ ಬಾಗಿಲು ತಟ್ಟುತ್ತಿದ್ದೇನೆ. ಇದು ಅಮ್ಮ ಮಾಡಿದ್ದಲ್ಲ, ಟೆಕ್ಲಾ ಮಾಡಿದ್ದು, ಕೊಳೆಯುವಂತೆ ಹೇಳಿಕೊಟ್ಟವಳು ನಾನು ಎನ್ನುತ್ತೇನೆ. ಜನ ನನ್ನನ್ನು ಕೂರಿಸಿ ಚಹಾ ಕೊಡುತ್ತಾರೆ. ಪಾಪ, ತಾಯಿಯ ಮಾನ ಉಳಿಸಲು ಏನೆಲ್ಲ ಸುಳ್ಳು ಹೇಳುತ್ತಾಳೆ, ಮಗಳೆಂದರೆ ಹೀಗಿರಬೇಕು ಎಂದು ಬೆನ್ನು ಸವರುತ್ತಾರೆ.